ಫ್ರಿಜ್ ಆಫ್ ಆಗಿತ್ತು, ಆ್ಯಪ್ 4.6 ಡಿಗ್ರಿ ಅಂತಲೇ ಹೇಳುತ್ತಿತ್ತು

ಮೊದಲು ಆ ಬುಧವಾರದ ಕಥೆ ಹೇಳಿಬಿಡುತ್ತೇನೆ. ತಾಪಮಾನ, ಹ್ಯುಮಿಡಿಟಿ (ಗಾಳಿಯ ತೇವ) ಅಳೆದು ಫೋನಿಗೆ ತಿಳಿಸುವ ಈ ಸೆನ್ಸರ್ ಸೆಟ್ ಮೇಲೆ ನನಗಿರುವ ಮೆಚ್ಚುಗೆ, ಸಿಟ್ಟು ಎರಡೂ ಅದರಲ್ಲೇ ಇವೆ.

ಅವತ್ತು ಮನೆಯಲ್ಲಿ ಯಾರೂ ಇರಲಿಲ್ಲ. ಮಧ್ಯಾಹ್ನ ಕೆಲಸದ ನಡುವೆ ಆ್ಯಪ್ ತೆರೆದು ನೋಡಿದೆ. ಅಮ್ಮನ ಇನ್ಸುಲಿನ್ ಇಡುವ ಫ್ರಿಜ್: 4.6 ಡಿಗ್ರಿ, ಪಕ್ಕದಲ್ಲಿ ಹಸಿರು ಟಿಕ್. ನಾಲ್ಕು ಗಂಟೆಗೆ ಇನ್ನೊಮ್ಮೆ ನೋಡಿದೆ. 4.6, ಹಸಿರು ಟಿಕ್. ರಾತ್ರಿ ಮನೆಗೆ ಬಂದು ಫ್ರಿಜ್ ಬಾಗಿಲು ತೆಗೆದರೆ ಒಳಗಿನ ಲೈಟೇ ಹತ್ತಲಿಲ್ಲ. ಫ್ರಿಜ್ ಸಿಕ್ಕಿಸಿದ್ದ ಎಕ್ಸ್‌ಟೆನ್ಷನ್ ಬೋರ್ಡಿನ ಫ್ಯೂಸ್ ಹೋಗಿತ್ತು. ಅದೇ ಬೋರ್ಡಿನ ಪಕ್ಕದ ಸಾಕೆಟ್‌ನಲ್ಲಿ ಸೆನ್ಸರ್ ಸೆಟ್‌ನ ಗೇಟ್‌ವೇ (ಸೆನ್ಸರ್‌ಗಳ ಅಳತೆಯನ್ನು ವೈಫೈ ಮೂಲಕ ದಾಟಿಸುವ ಡಬ್ಬಿ) ಇತ್ತು, ಅದೂ ಸತ್ತಿತ್ತು. ಸೆನ್ಸರ್ ಮಾತ್ರ ತನ್ನ ಬ್ಯಾಟರಿಯಲ್ಲಿ ತನ್ನ ಪಾಡಿಗೆ ತಾನು ಅಳೆಯುತ್ತಲೇ ಇತ್ತು, ಆದರೆ ಅದು ಕೂಗಿದ್ದನ್ನು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ಆ್ಯಪ್ ಬೆಳಿಗ್ಗೆ ಹತ್ತೂವರೆಗೆ ಕೊನೆಯದಾಗಿ ಬಂದ ಸಂಖ್ಯೆಯನ್ನೇ ಹಿಡಿದುಕೊಂಡು ಕೂತಿತ್ತು.

ಫ್ಯೂಸ್ ಹಾಕಿದ ಹತ್ತು ನಿಮಿಷಕ್ಕೆ ಗೇಟ್‌ವೇ ಎದ್ದಿತು. ಸೆನ್ಸರ್ ತನ್ನ ಮೆಮೊರಿಯಲ್ಲಿ ಉಳಿಸಿಕೊಂಡಿದ್ದ ಅಳತೆಗಳನ್ನೆಲ್ಲ ಕಳಿಸಿತು, ಖಾಲಿ ಇದ್ದ ಗ್ರಾಫ್ ಮೆಲ್ಲಗೆ ತುಂಬಿಕೊಂಡಿತು. 4.6ರಿಂದ ಹೊರಟ ಗೆರೆ 13.8ರವರೆಗೆ ಹತ್ತಿತ್ತು. ಆಮೇಲೆ ಫೋನು ಟಿಂಗ್ ಟಿಂಗ್ ಅಂತ ಒಂದರ ಹಿಂದೊಂದು ಎಚ್ಚರಿಕೆ ಕೊಡಲು ಶುರು ಮಾಡಿತು. ನಾನು ಆಗ ಫ್ರಿಜ್ ಮುಂದೆಯೇ ನಿಂತಿದ್ದೆ.

ಇನ್ಸುಲಿನ್ ಹಾಳಾಗಲಿಲ್ಲ. ತೆರೆಯದ ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು ನಿಜ. ಆದರೆ ಬಳಸಲು ಶುರು ಮಾಡಿದ್ದನ್ನು ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಫ್ರಿಜ್ ಹೊರಗೇ ಇಟ್ಟುಕೊಳ್ಳುತ್ತಾರೆ, ಹಾಗಾಗಿ ಕೆಲವು ಗಂಟೆ 13 ಡಿಗ್ರಿ ದೊಡ್ಡ ಪೆಟ್ಟಲ್ಲ ಅಂತ ಔಷಧಿ ಅಂಗಡಿಯವರು ಹೇಳಿದರು. ಹೆಪ್ಪುಗಟ್ಟಿದ್ದರೆ ಮಾತ್ರ ಎಸೆಯಲೇಬೇಕಿತ್ತು. ಅಂದರೆ ಬಚಾವಾಗಿದ್ದು ಅದೃಷ್ಟದಿಂದ, ಸೆನ್ಸರ್‌ನಿಂದ ಅಲ್ಲ.

ಇನ್ನು ಸಾಮಾನಿನ ವಿಷಯ. ಹೆಸರು ಬರೆಯುತ್ತಿಲ್ಲ. ಒಂದೇ ಫ್ಯಾಕ್ಟರಿಯ ಡಬ್ಬಿಯ ಮೇಲೆ ಬೇರೆ ಬೇರೆ ಕಂಪನಿಗಳು ತಮ್ಮ ಹೆಸರು ಒತ್ತಿ ಮಾರುವುದು ಈ ವ್ಯಾಪಾರದಲ್ಲಿ ಮಾಮೂಲು, ಹಾಗಾಗಿ ಹೆಸರು ತಿಳಿದರೂ ನಿಮಗೆ ಅಷ್ಟೇನೂ ಉಪಯೋಗವಿಲ್ಲ. ಪೆಟ್ಟಿಗೆಯಲ್ಲಿ ಬಂದದ್ದು ನಾಲ್ಕು ಸೆನ್ಸರ್, ಒಂದು ಗೇಟ್‌ವೇ. ಮೂರು ಸೆನ್ಸರ್ ಬೆಂಕಿಪೊಟ್ಟಣದಷ್ಟು ದೊಡ್ಡ ಬಿಳಿ ಡಬ್ಬಿಗಳು. ನಾಲ್ಕನೆಯದಕ್ಕೆ ಒಂದು ಮೀಟರ್ ತಂತಿ, ತುದಿಯಲ್ಲಿ ಸ್ಟೀಲ್ ಪ್ರೋಬ್. ಪ್ರೋಬ್ ತಾಪಮಾನ ಮಾತ್ರ ಅಳೆಯುತ್ತದೆ, ಉಳಿದವು ತಾಪಮಾನದ ಜೊತೆ ಹ್ಯುಮಿಡಿಟಿಯನ್ನೂ ಅಳೆಯುತ್ತವೆ. ಸೆನ್ಸರ್ ಬ್ಲೂಟೂತ್‌ನಲ್ಲಿ ಗೇಟ್‌ವೇಗೆ ಹೇಳುತ್ತದೆ, ಗೇಟ್‌ವೇ ವೈಫೈ ಹಿಡಿದು ಕಂಪನಿಯ ಸರ್ವರ್‌ಗೆ ಹೇಳುತ್ತದೆ, ಸರ್ವರ್ ನನ್ನ ಫೋನಿಗೆ ಹೇಳುತ್ತದೆ. ಇಷ್ಟು ಬಾಯಿ ದಾಟಿ ಬರುವ ಸುದ್ದಿ ಇದು, ಮಧ್ಯದಲ್ಲಿ ಯಾರಾದರೂ ಒಬ್ಬರು ಬಾಯಿ ಮುಚ್ಚಿದರೆ ಸಾಕು.

ಎಂಟು ತಿಂಗಳಾಯಿತು ಬಳಸುತ್ತಾ. ಪ್ರೋಬ್ ಇರುವುದು ಫ್ರಿಜ್‌ನಲ್ಲಿ, ಒಂದು ಕ್ಯಾಮೆರಾ ಲೆನ್ಸ್ ಇಡುವ ಬೀರುವಿನಲ್ಲಿ, ಒಂದು ಪುಸ್ತಕದ ಕಪಾಟಿನ ಹಿಂದೆ. ಉಳಿದ ಒಂದು ಬಿಳಿ ಡಬ್ಬಿ ಅಲೆಮಾರಿ, ಅದನ್ನು ಅಲ್ಲಿ ಇಲ್ಲಿ ಇಟ್ಟು ನೋಡುತ್ತಿರುತ್ತೇನೆ.

ಜೋಡಿಸುವ ಕೆಲಸ ಹತ್ತು ನಿಮಿಷದ್ದು ಅಂತ ಪೆಟ್ಟಿಗೆಯ ಮೇಲಿದೆ. ನನಗೆ ಒಂದೂವರೆ ಗಂಟೆ ಹಿಡಿಯಿತು. ಕಾರಣ ತೀರಾ ಸಣ್ಣದು: ಗೇಟ್‌ವೇಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಅರ್ಥವಾಗುತ್ತದೆ, ನನ್ನ ಫೋನು 5 ಗಿಗಾಹರ್ಟ್ಸ್‌ನಲ್ಲಿ ಕೂತಿತ್ತು. ಆ್ಯಪ್ ಇದನ್ನು ಹೇಳಬೇಕು ಅಲ್ವಾ? ಅದು ಹೇಳಿದ್ದು "ಏನೋ ತಪ್ಪಾಗಿದೆ, ಮತ್ತೆ ಪ್ರಯತ್ನಿಸಿ" ಅಂತ. ರೂಟರ್‌ನಲ್ಲಿ 5 ಗಿಗಾಹರ್ಟ್ಸ್ ಆಫ್ ಮಾಡಿ ಜೋಡಿಸಿ, ಆಮೇಲೆ ಆನ್ ಮಾಡಿದೆ. ಇನ್ನೊಂದು, ಬ್ಲೂಟೂತ್ ಹುಡುಕಲು ಆ್ಯಪ್ ಲೊಕೇಷನ್ ಅನುಮತಿ ಕೇಳಿದರೆ ಗಾಬರಿಯಾಗಬೇಡಿ. ಆಂಡ್ರಾಯ್ಡ್ 11ರವರೆಗಿನ ಫೋನುಗಳಲ್ಲಿ ಅದಿಲ್ಲದೆ ಸ್ಕ್ಯಾನ್ ಆಗುವುದೇ ಇಲ್ಲ, 12ರಿಂದ ಅದಕ್ಕೆ ಬೇರೆಯದೇ ಅನುಮತಿ ಬಂದಿದೆ.

ಈಗ ಅಸಲಿ ಪ್ರಶ್ನೆ: ತೋರಿಸುವ ಸಂಖ್ಯೆ ಸರಿಯೋ ತಪ್ಪೋ? ಪೆಟ್ಟಿಗೆಯ ಮೇಲೆ ±0.3 ಡಿಗ್ರಿ, ಹ್ಯುಮಿಡಿಟಿ ±3 ಅಂತ ಬರೆದಿದ್ದಾರೆ. ಆ್ಯಪ್ ಮಾತ್ರ 24.37 ಅಂತ ಎರಡು ದಶಾಂಶ ತೋರಿಸಿ ಜಂಬ ಪಡುತ್ತದೆ. ಆ ಕೊನೆಯ 7ಕ್ಕೆ ಯಾವ ಬೆಲೆಯೂ ಇಲ್ಲ, ಸುಮ್ನೆ ಅಲಂಕಾರ. ಇಂಥ ಡಬ್ಬಿಗಳ ಗುಣ ಪೂರ್ತಿ ಒಳಗಿನ ಚಿಪ್ ಮೇಲೆ ನಿಂತಿರುತ್ತದೆ. ಹವ್ಯಾಸಿಗಳು ಮೊದಲಿಗೆ ಕೊಳ್ಳುವ ಡಿಎಚ್‌ಟಿ 11 ಚಿಪ್ ತಾಪಮಾನದಲ್ಲಿ ±2 ಡಿಗ್ರಿ, ಹ್ಯುಮಿಡಿಟಿಯಲ್ಲಿ ±5ರವರೆಗೆ ತಪ್ಪಬಹುದು. ಸೆನ್ಸಿರಿಯನ್ ಕಂಪನಿಯ ಎಸ್‌ಎಚ್‌ಟಿ 31, ಎಸ್‌ಎಚ್‌ಟಿ 40 ಥರದವು ಹ್ಯುಮಿಡಿಟಿಯಲ್ಲಿ ±2ರ ಆಸುಪಾಸಿನವು. ಯಾವ ಚಿಪ್ ಹಾಕಿದ್ದೇವೆ ಅಂತ ಪೆಟ್ಟಿಗೆ ಮೇಲೆ ಬರೆಯುವ ಕಂಪನಿ ಸಿಕ್ಕರೆ ಅದಕ್ಕೆ ಅರ್ಧ ಅಂಕ ಅಲ್ಲೇ ಕೊಡಿ. ನನ್ನ ಸೆಟ್‌ನವರು ಬರೆದಿರಲಿಲ್ಲ.

ಹಾಗಾಗಿ ಉಪ್ಪಿನ ಪರೀಕ್ಷೆ ಮಾಡಿದೆ. ಇದನ್ನು ಯಾರು ಬೇಕಾದರೂ ಮಾಡಬಹುದು, ಇಷ್ಟು ಅಗ್ಗದ ಲ್ಯಾಬ್ ಇನ್ನೊಂದಿಲ್ಲ. ಒಂದು ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಥರ ಆಗುವಷ್ಟು ಮಾತ್ರ ನೀರು ಬೆರೆಸಬೇಕು. ಉಪ್ಪು ಪೂರ್ತಿ ಕರಗಿಬಿಟ್ಟರೆ ಪರೀಕ್ಷೆ ಕೆಟ್ಟಿತು. ಅದನ್ನೂ ಸೆನ್ಸರ್‌ಗಳನ್ನೂ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇಟ್ಟು ಗಟ್ಟಿಯಾಗಿ ಮುಚ್ಚಿ, ಬಿಸಿಲು ತಾಗದ ಕಡೆ ಒಂದು ದಿನ ಬಿಡಬೇಕು. ಉಪ್ಪು ಸೆನ್ಸರ್‌ಗೆ ತಾಗಬಾರದು. ಡಬ್ಬಿಯೊಳಗಿನ ಹ್ಯುಮಿಡಿಟಿ ತಾನಾಗಿಯೇ ಶೇ. 75ಕ್ಕೆ ಬಂದು ನಿಲ್ಲುತ್ತದೆ. 25 ಡಿಗ್ರಿಯಲ್ಲಿ ಸರಿಯಾಗಿ ಹೇಳಬೇಕೆಂದರೆ 75.3. ಚೆಂದ ಏನೆಂದರೆ, 20 ಡಿಗ್ರಿ ಇದ್ದರೂ 30 ಇದ್ದರೂ ಅದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ವೈರ್‌ಲೆಸ್ ಇರುವುದರಿಂದ ಡಬ್ಬಿ ತೆಗೆಯದೆ ಹೊರಗಿನಿಂದಲೇ ಓದಬಹುದು, ಈ ಪರೀಕ್ಷೆಗೆ ಇದಕ್ಕಿಂತ ಅನುಕೂಲ ಬೇಕಾ?

ಮೊದಲ ಎರಡು ಸೆನ್ಸರ್ 77, 74 ಅಂದವು. ಅದು ಸರಿ. ಮೂರನೆಯದು, ಲೆನ್ಸ್ ಬೀರುವಿನದು, 81 ಅಂತ ಹೇಳಿತು. ಎರಡನೇ ದಿನವೂ 81. ವಾಪಸ್ ಕಳಿಸೋಣ ಅಂದುಕೊಂಡೆ. ಆಮೇಲೆ ನೆನಪಾಯಿತು, ಆ ಬೀರುವಿಗೆ ಆಗಷ್ಟೇ ವಾರ್ನಿಷ್ ಹೊಡೆಸಿದ್ದೆ. ಈ ಚಿಪ್‌ಗಳ ಒಳಗೆ ಒಂದು ತೆಳ್ಳಗಿನ ಪಾಲಿಮರ್ ಪದರ ಇರುತ್ತದೆ. ಗಾಳಿಯ ತೇವವನ್ನು ಅದು ಹೀರಿಕೊಂಡಷ್ಟೂ ಅದರ ವಿದ್ಯುತ್ ಗುಣ ಬದಲಾಗುತ್ತದೆ, ಆ ಬದಲಾವಣೆಯನ್ನೇ ಚಿಪ್ ಅಳೆಯುವುದು. ಪೇಂಟ್, ವಾರ್ನಿಷ್, ಸ್ಪಿರಿಟ್ ಆವಿ ಸಿಕ್ಕರೆ ಆ ಪದರ ಅದನ್ನೂ ಕುಡಿದುಬಿಡುತ್ತದೆ, ಆಮೇಲೆ ಅದರ ಲೆಕ್ಕವೇ ತಪ್ಪುತ್ತದೆ. ಸೆನ್ಸರನ್ನು ತೆರೆದ ಗಾಳಿಯಲ್ಲಿ ಕೆಲವು ವಾರ ಇಟ್ಟ ಮೇಲೆ ಮತ್ತೆ ಉಪ್ಪಿನ ಡಬ್ಬಿಗೆ ಹಾಕಿದೆ: 78. ಉಳಿದ ವ್ಯತ್ಯಾಸವನ್ನು ಆ್ಯಪ್‌ನಲ್ಲಿ ಕಳೆದುಕೊಳ್ಳಲು ಒಂದು ಸೆಟ್ಟಿಂಗ್ ಇದೆ, ಅದಕ್ಕೆ ಮೈನಸ್ 3 ಹಾಕಿದೆ. ಈ ಸೆಟ್ಟಿಂಗ್ ಇಲ್ಲದ ಸೆನ್ಸರನ್ನು ದಯವಿಟ್ಟು ಕೊಳ್ಳಬೇಡಿ.

ಪ್ರೋಬ್‌ಗೆ ಉಪ್ಪು ಬೇಡ, ಐಸ್ ಸಾಕು. ಪುಡಿ ಮಾಡಿದ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ, ಕಲಕಿ, ಪ್ರೋಬ್ ಇಳಿಬಿಟ್ಟರೆ ಸೊನ್ನೆ ತೋರಿಸಬೇಕು. ನನ್ನದು 0.2 ತೋರಿಸಿತು. ಚೆನ್ನಾಗಿದೆ.

ಒಂದು ಮಾತು. ಇಷ್ಟೆಲ್ಲ ಮಾಡಿದ ಮೇಲೆ ಗೋಡೆಯಲ್ಲಿದ್ದ ನನ್ನ ಹಳೆಯ ಮುಳ್ಳಿನ ಹ್ಯುಮಿಡಿಟಿ ಮೀಟರನ್ನೂ ಅದೇ ಡಬ್ಬಿಗೆ ಹಾಕಿ ನೋಡಿದೆ, ಅದು 62 ಅಂತ ಹೇಳಿತು. ಇಷ್ಟು ವರ್ಷ ಅದನ್ನು ನೋಡಿಕೊಂಡೇ ಲೆನ್ಸ್ ಇಟ್ಟಿದ್ದೆ! ಜಿನೀವಾದ ವಿಜ್ಞಾನಿ ಸೊಸ್ಯೂರ್ 1783ರಲ್ಲೇ ಮನುಷ್ಯರ ಕೂದಲು ಇಟ್ಟುಕೊಂಡು ಹ್ಯುಮಿಡಿಟಿ ಅಳೆಯುವ ಬಗೆಯನ್ನು ಬರೆದಿದ್ದ, ತೇವಕ್ಕೆ ಕೂದಲು ಉದ್ದವಾಗುತ್ತದೆ ಅನ್ನುವುದೇ ಅದರ ಗುಟ್ಟು. ಅವನ ಕೂದಲು ನನ್ನ ಗೋಡೆಯ ಮೀಟರಿಗಿಂತ ವಾಸಿ ಇದ್ದಿರಬೇಕು.

ಹ್ಯುಮಿಡಿಟಿ ಅನ್ನುವುದು ಮೋಸದ ಸಂಖ್ಯೆ ಅಂತ ನನಗೆ ಗೊತ್ತಾಗಿದ್ದು ಪುಸ್ತಕದ ಕಪಾಟಿನಿಂದ. ಕೋಣೆಯ ಮಧ್ಯೆ ಮೇಜಿನ ಮೇಲೆ ಇಟ್ಟಾಗ ಸೆನ್ಸರ್ 57 ತೋರಿಸಿತು. ಅದೇ ಸೆನ್ಸರನ್ನು ಕಪಾಟಿನ ಹಿಂದೆ, ಹೊರಗೋಡೆಗೆ ಒತ್ತಿದ ಹಾಗೆ ಇಟ್ಟರೆ 68. ಮೊದಲು ಗೋಡೆ ಒದ್ದೆ ಇದೆ, ನೀರು ಸೋರುತ್ತಿದೆ ಅಂದುಕೊಂಡೆ. ಆಮೇಲೆ ತಾಪಮಾನ ನೋಡಿದೆ: ಮೇಜಿನ ಮೇಲೆ 25 ಡಿಗ್ರಿ, ಗೋಡೆಯ ಹತ್ತಿರ 22. ಅಷ್ಟೇ. ಗಾಳಿಯಲ್ಲಿರುವ ನೀರು ಎರಡೂ ಕಡೆ ಒಂದೇ, ಆದರೆ ತಣ್ಣಗಿನ ಗಾಳಿಗೆ ನೀರು ಹಿಡಿದಿಟ್ಟುಕೊಳ್ಳುವ ತಾಕತ್ತು ಕಮ್ಮಿ. ಅದೇ ನೀರು ಅಲ್ಲಿ ಜಾಸ್ತಿ ಶೇಕಡಾ ಆಗಿ ಕಾಣುತ್ತದೆ. ಲೆಕ್ಕ ಹಾಕಿದರೆ 25 ಡಿಗ್ರಿಯ 57, 22 ಡಿಗ್ರಿಯಲ್ಲಿ ಸರಿಯಾಗಿ 68ರ ಹತ್ತಿರ ಬರುತ್ತದೆ. ಸೋರಿಕೆ ಇರಲಿಲ್ಲ, ತಣ್ಣಗಿನ ಗೋಡೆ ಇತ್ತು.

ಇನ್ನೊಂದು ಉದಾಹರಣೆ ಕೊಟ್ಟರೆ ಸ್ಪಷ್ಟವಾಗಬಹುದು. 25 ಡಿಗ್ರಿ, ಶೇ. 60 ಇರುವ ಕೋಣೆಯನ್ನು ಮುಚ್ಚಿ 30 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ಹನಿ ನೀರೂ ತೆಗೆಯದೆ, ಸೆನ್ಸರ್ 45 ತೋರಿಸುತ್ತದೆ. ಅದೇ ಕೋಣೆಯಲ್ಲಿ ಯಾವುದೋ ಗಾಜು 17 ಡಿಗ್ರಿಗಿಂತ ಕೆಳಗಿಳಿದರೆ ಅದರ ಮೇಲೆ ನೀರು ಕೂರಲು ಶುರುವಾಗುತ್ತದೆ. ಆ 17ರ ಹತ್ತಿರದ ಸಂಖ್ಯೆಗೇ ಇಬ್ಬನಿ ಬಿಂದು ಅನ್ನುವುದು. ನನ್ನ ಆ್ಯಪ್‌ನಲ್ಲಿ ಇದನ್ನು ತೋರಿಸುವ ಒಂದು ಮೂಲೆ ಇದೆ, ಮುಖ್ಯ ಪುಟದಲ್ಲಿಲ್ಲ, ಮೂರು ಸಲ ಒತ್ತಿ ಒಳಗೆ ಹೋಗಬೇಕು. ನನ್ನ ಪ್ರಕಾರ ಅದೇ ಮುಖ್ಯ ಪುಟದಲ್ಲಿರಬೇಕಿತ್ತು, ಏಕೆಂದರೆ ಗಾಳಿಯಲ್ಲಿ ನೀರು ನಿಜವಾಗಿ ಹೆಚ್ಚಿತೋ ಇಲ್ಲ ಬರೀ ತಣ್ಣಗಾಯಿತೋ ಅಂತ ತಿಳಿಯುವುದು ಅದರಿಂದಲೇ. ಕಪಾಟನ್ನು ನಾಲ್ಕು ಬೆರಳಿನಷ್ಟು ಗೋಡೆಯಿಂದ ಮುಂದಕ್ಕೆ ಎಳೆದು ಹಿಂದೆ ಗಾಳಿಯಾಡುವ ಹಾಗೆ ಮಾಡಿದೆ. ಈಗ 60, 61ರಲ್ಲಿ ಇರುತ್ತದೆ. ಈ ಒಂದು ವಿಷಯಕ್ಕೆ ಸೆಟ್‌ಗೆ ಕೊಟ್ಟ ದುಡ್ಡು ಸಾರ್ಥಕ ಅನ್ನಿಸಿದೆ, ಬೂಷ್ಟು ಹಿಡಿದ ಮೇಲೆ ಪುಸ್ತಕ ಒರೆಸುತ್ತಾ ಕೂರುವವರಿಗೆ ಗೊತ್ತು ಅದರ ಕಷ್ಟ.

ಲೆನ್ಸ್ ಬೀರುವಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. 40ರಿಂದ 50ರ ಒಳಗೆ ಇಟ್ಟರೆ ಲೆನ್ಸಿಗೆ ಫಂಗಸ್ ಭಯ ಕಮ್ಮಿ. ಸಿಲಿಕಾ ಜೆಲ್ ಪೊಟ್ಟಣ ಇಟ್ಟಿದ್ದೇನೆ. ಗ್ರಾಫ್‌ನ ಗೆರೆ ದಿನಕ್ಕೆ ಒಂದೊಂದು ಅಂಕ ಮೇಲೇರತೊಡಗಿದರೆ ಜೆಲ್ ಹೊಟ್ಟೆ ತುಂಬಿದೆ, ಒಣಗಿಸಬೇಕು ಅಂತ ಅರ್ಥ. ಹಿಂದೆ ಇದನ್ನು ಅಂದಾಜಿನ ಮೇಲೆ ಮಾಡುತ್ತಿದ್ದೆ.

ಫ್ರಿಜ್ ಬೇರೆಯದೇ ಲೋಕ. ಮೊದಲು ಬಿಳಿ ಡಬ್ಬಿಯನ್ನೇ ಒಳಗಿಟ್ಟಿದ್ದೆ. ಎರಡು ತೊಂದರೆ ಬಂದವು. ಒಂದು, ಫ್ರಿಜ್ ಅಂದರೆ ಲೋಹದ ಪೆಟ್ಟಿಗೆ, ಬ್ಲೂಟೂತ್ ಸಿಗ್ನಲ್ ಹೊರಬರುವುದೇ ಬಾಗಿಲಿನ ರಬ್ಬರ್ ಸಂದಿಯಿಂದ. ನೀರಿನ ಬಾಟಲಿಗಳ ಹಿಂದೆ ಇಟ್ಟರಂತೂ ಮುಗಿಯಿತು, 2.4 ಗಿಗಾಹರ್ಟ್ಸ್ ಸಿಗ್ನಲ್‌ನ್ನು ನೀರು ಚೆನ್ನಾಗಿಯೇ ನುಂಗುತ್ತದೆ. ಎರಡು, ಬಾಗಿಲು ತೆಗೆದ ಪ್ರತಿ ಸಲ ಗಾಳಿಯ ತಾಪಮಾನ 4ರಿಂದ 9ಕ್ಕೆ ಹಾರುತ್ತಿತ್ತು, ಎಚ್ಚರಿಕೆ ಬರುತ್ತಿತ್ತು, ಎರಡು ನಿಮಿಷದಲ್ಲಿ ಮತ್ತೆ ಇಳಿಯುತ್ತಿತ್ತು. ದಿನಕ್ಕೆ ಆರೇಳು ಸುಳ್ಳು ಎಚ್ಚರಿಕೆ. ವಾರದೊಳಗೆ ನಾನು ಅವನ್ನು ನೋಡುವುದನ್ನೇ ಬಿಟ್ಟೆ. ತೋಳ ಬಂತು ತೋಳ ಕಥೆ ಗೊತ್ತಲ್ಲ, ಅದೇ.

ಬಾಗಿಲು ತೆಗೆದರೆ ಬಿಸಿಯಾಗುವುದು ಗಾಳಿ, ಔಷಧಿಯ ಸೀಸೆಯಲ್ಲ. ಲಸಿಕೆ ಇಡುವ ಕಡೆ ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಲಸಿಕೆ ಮಾರ್ಗಸೂಚಿಯಲ್ಲಿ ಪ್ರೋಬ್ ಸುತ್ತ ಗ್ಲೈಕಾಲ್, ಗ್ಲಿಸರಿನ್, ಮರಳು ಇಂಥದ್ದೇನಾದರೂ ಇರಲಿ ಎನ್ನುತ್ತದೆ, ಆಗ ಅಳತೆ ಲಸಿಕೆಯ ತಾಪಮಾನಕ್ಕೆ ಹತ್ತಿರ ಇರುತ್ತದೆ. ಕನಿಷ್ಠ 30 ನಿಮಿಷಕ್ಕೊಮ್ಮೆಯಾದರೂ ದಾಖಲಾಗಬೇಕು ಅಂತಲೂ ಹೇಳುತ್ತದೆ. ನಾನೂ ಹಾಗೇ ಮಾಡಿದೆ. ಸಣ್ಣ ಖಾಲಿ ಸೀಸೆಯಲ್ಲಿ ಗ್ಲಿಸರಿನ್ ತುಂಬಿ, ಮುಚ್ಚಳಕ್ಕೆ ತೂತು ಮಾಡಿ ಪ್ರೋಬ್ ಇಳಿಸಿ, ಇನ್ಸುಲಿನ್ ಪಕ್ಕದಲ್ಲೇ ಇಟ್ಟೆ. ತಂತಿ ತೆಳ್ಳಗಿದೆ, ಬಾಗಿಲಿನ ರಬ್ಬರ್ ನಡುವೆ ಹಾಯಿಸಿದರೂ ಬಾಗಿಲು ಸರಿಯಾಗಿ ಮುಚ್ಚುತ್ತದೆ. ಸೆನ್ಸರ್ ಡಬ್ಬಿ ಹೊರಗೆ, ಫ್ರಿಜ್ ಪಕ್ಕಕ್ಕೆ ಅಂಟಿಸಿದ್ದೇನೆ. ಸುಳ್ಳು ಎಚ್ಚರಿಕೆ ನಿಂತಿತು, ಸಿಗ್ನಲ್ ತೊಂದರೆಯೂ ಹೋಯಿತು. ಕೆಳಮಿತಿ 2.5ಕ್ಕೆ ಇಟ್ಟಿದ್ದೇನೆ, ಮೇಲ್ಮಿತಿ 8ಕ್ಕೆ. ಕೆಳಗಿನದ್ದೇ ನನಗೆ ಮುಖ್ಯ, ಯಾಕೆಂದರೆ ಫ್ರಿಜ್‌ನ ಹಿಂಗೋಡೆಗೆ ತಾಗಿದ ಸೀಸೆ ಸದ್ದಿಲ್ಲದೆ ಹೆಪ್ಪುಗಟ್ಟುತ್ತದೆ, ಕರಗಿದ ಮೇಲೆ ನೋಡಿದರೆ ಏನೂ ಆಗಿಲ್ಲದ ಹಾಗೆ ಕಾಣಬಹುದು.

ಬ್ಯಾಟರಿ. ಬಿಳಿ ಡಬ್ಬಿಗಳಲ್ಲಿ ಸಿಆರ್ 2032 ಬಿಲ್ಲೆ ಸೆಲ್, 3 ವೋಲ್ಟ್, 220 ಮಿಲಿಆಂಪ್ ಅವರ್ ಆಸುಪಾಸು. "ಎರಡು ವರ್ಷ ಬರುತ್ತದೆ" ಅನ್ನುವುದು ಹತ್ತು ನಿಮಿಷಕ್ಕೊಮ್ಮೆ ಕಳಿಸಿದರೆ. ಒಂದು ನಿಮಿಷಕ್ಕೆ ಇಟ್ಟುಕೊಂಡಿದ್ದೆ, ಐದನೇ ತಿಂಗಳಿಗೆ ಒಂದು ಸತ್ತಿತು. ತಪ್ಪು ನನ್ನದೇ, ಪುಸ್ತಕದ ಕಪಾಟಿಗೆ ನಿಮಿಷಕ್ಕೊಮ್ಮೆ ಏನು ಆಗುತ್ತೆ? ಅಲೆಮಾರಿ ಸೆನ್ಸರನ್ನು ಒಮ್ಮೆ ಮೈನಸ್ 18ರ ಫ್ರೀಜರ್‌ನಲ್ಲಿ ಇಟ್ಟು ನೋಡಿದೆ. ಮೂರು ವಾರಕ್ಕೆ ಮಾತು ನಿಲ್ಲಿಸಿತು. ಹೊರಗೆ ತೆಗೆದು ಬಿಸಿಯಾದ ಮೇಲೆ ನೋಡಿದರೆ ಬ್ಯಾಟರಿ ಶೇ. 40 ಇದೆ ಅನ್ನುತ್ತದೆ! ಚಳಿಯಲ್ಲಿ ಬಿಲ್ಲೆ ಸೆಲ್ಲಿನ ಒಳಗಿನ ತಡೆ ಏರುತ್ತದೆ, ಸಿಗ್ನಲ್ ಕಳಿಸುವ ಆ ಕ್ಷಣಕ್ಕೆ ಬೇಕಾದ ಕರೆಂಟ್ ಕೊಡಲು ಹೋಗಿ ವೋಲ್ಟೇಜ್ ಕುಸಿಯುತ್ತದೆ, ಚಿಪ್ ಮಲಗುತ್ತದೆ. ಫ್ರೀಜರ್‌ಗೆ ಬೇಕೆಂದರೆ ಪ್ರೋಬ್ ಒಳಗೆ, ಬ್ಯಾಟರಿ ಹೊರಗೆ ಇರುವ ಮಾದರಿಯನ್ನೇ ತಗೊಳ್ಳಿ, ಇಲ್ಲವೇ ಮೈನಸ್ 40 ತಡೆಯುವ ಲಿಥಿಯಂ ಪೆನ್‌ಸೆಲ್ ಹಾಕುವಂಥದ್ದು.

ಮತ್ತೆ ಆ ಬುಧವಾರಕ್ಕೆ ಬರುತ್ತೇನೆ. ಮರುದಿನ ಸೆಟ್ಟಿಂಗ್ಸ್ ಪೂರ್ತಿ ಜಾಲಾಡಿದೆ. ಮೂರು ಮೆನು ಒಳಗೆ "ಗೇಟ್‌ವೇ ಸಂಪರ್ಕ ತಪ್ಪಿದರೆ ತಿಳಿಸಿ" ಅಂತ ಒಂದು ಬಟನ್ ಇದೆ. ಆಫ್ ಆಗಿತ್ತು. ಅದು ಹುಟ್ಟುತ್ತಲೇ ಆಫ್! ಯಾರು ಯೋಚಿಸಿದರೋ ಗೊತ್ತಿಲ್ಲ. ಫೋನಿಗೆ ಹೊಸ ಸೆನ್ಸರ್‌ಗಳ ಜಾಹೀರಾತು ಕಳಿಸುವ ಬಟನ್ ಮಾತ್ರ ಆನ್ ಆಗಿತ್ತು. ಈಗ ಆನ್ ಮಾಡಿ, ಗೇಟ್‌ವೇ ಪ್ಲಗ್ ಕಿತ್ತು ಪರೀಕ್ಷೆ ಮಾಡಿದೆ. ಒಂದು ಗಂಟೆ ಹತ್ತು ನಿಮಿಷಕ್ಕೆ ಸಂದೇಶ ಬಂತು. ಅದಕ್ಕಿಂತ ಬೇಗ ಬರುವ ಹಾಗೆ ಮಾಡಲು ದಾರಿಯಿಲ್ಲ, ಆದರೂ ಒಂಬತ್ತು ಗಂಟೆಗಿಂತ ವಾಸಿ. ಗೇಟ್‌ವೇಯನ್ನು ಫ್ರಿಜ್‌ನ ಬೋರ್ಡಿನಿಂದ ಬಿಡಿಸಿ, ರೂಟರ್ ಇರುವ ಯುಪಿಎಸ್‌ಗೆ ಸಿಕ್ಕಿಸಿದೆ. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಕಾಯುವವನೂ ಕಾಯಿಸಿಕೊಳ್ಳುವವನೂ ಒಂದೇ ಫ್ಯೂಸ್ ನಂಬಿಕೊಂಡರೆ ಇನ್ನೇನಾಗುತ್ತದೆ. ಕೈಪಿಡಿಯಲ್ಲಿ ಒಂದು ಸಾಲು ಬರೆಯಬಹುದಿತ್ತು, ಬರೆದಿಲ್ಲ.

ನಿಮ್ಮ ಫೋನನ್ನೂ ಒಮ್ಮೆ ನೋಡಿಕೊಳ್ಳಿ. ಬ್ಯಾಟರಿ ಉಳಿಸುವ ಸೆಟ್ಟಿಂಗ್ ಈ ಆ್ಯಪ್‌ನ್ನು ಹಿಂದಿನಿಂದ ಕತ್ತು ಹಿಸುಕಿದ್ದರೆ ಎಚ್ಚರಿಕೆ ಬರುವುದೇ ಇಲ್ಲ, ರಾತ್ರಿ ಸೈಲೆಂಟ್ ಇಟ್ಟು ಮಲಗಿದರೆ ಬಂದರೂ ಕೇಳುವುದಿಲ್ಲ. ನಾನು ಈ ಆ್ಯಪ್‌ಗೆ ಮಾತ್ರ ಎರಡರಿಂದಲೂ ವಿನಾಯಿತಿ ಕೊಟ್ಟಿದ್ದೇನೆ.

ಕಂಪನಿಯ ಸರ್ವರ್ ಬಗ್ಗೆ ನನಗೆ ಒಳಗೊಳಗೇ ಅಳುಕು ಇದ್ದೇ ಇದೆ. ನನ್ನ ಫ್ರಿಜ್‌ನಿಂದ ನನ್ನ ಫೋನಿಗೆ ಹೋಗುವ ಸುದ್ದಿ ಎಲ್ಲೋ ಯಾರದೋ ಕಂಪ್ಯೂಟರ್ ಸುತ್ತಿ ಬರುತ್ತದೆ. ಅವರು ಅಂಗಡಿ ಮುಚ್ಚಿದರೆ ಈ ಡಬ್ಬಿಗಳು ಬರೀ ಡಬ್ಬಿಗಳೇ. ಹಳೆಯ ಅಳತೆಗಳನ್ನು ಸಿಎಸ್‌ವಿ ಫೈಲ್ (ಎಕ್ಸೆಲ್‌ನಲ್ಲಿ ತೆರೆಯುವ ಪಟ್ಟಿ) ಆಗಿ ಇಳಿಸಿಕೊಳ್ಳಬಹುದು, ಅದು ಒಳ್ಳೆಯದು. ಆದರೆ ಅದರಲ್ಲಿ ಸಮಯ ಗ್ರೀನ್‌ವಿಚ್ ಲೆಕ್ಕದಲ್ಲಿ ಬರುತ್ತದೆ, ನೀವೇ ಕೂಡಿ ಕಳೆದುಕೊಳ್ಳಬೇಕು. ಸ್ವಲ್ಪ ಕೈಕೆಲಸ ಬರುವವರು ಇದನ್ನೆಲ್ಲ ಬಿಟ್ಟು ಇಎಸ್‌ಪಿ 32 ಅನ್ನುವ ಸಣ್ಣ ವೈಫೈ ಬೋರ್ಡಿಗೆ ಎಸ್‌ಎಚ್‌ಟಿ ಚಿಪ್ ಬೆಸೆದು, ಹೋಮ್ ಅಸಿಸ್ಟೆಂಟ್ ಅನ್ನುವ ಉಚಿತ ತಂತ್ರಾಂಶವನ್ನು ಮನೆಯ ಹಳೆಯ ಕಂಪ್ಯೂಟರ್‌ನಲ್ಲಿ ಹಾಕಿಕೊಂಡರೆ ಎಲ್ಲವೂ ಮನೆಯೊಳಗೇ ಉಳಿಯುತ್ತದೆ. ಒಂದನ್ನು ಹಾಗೆ ಕಟ್ಟಿದೆ. ವೈಫೈ ಬೋರ್ಡ್ ತಾನೇ ಬಿಸಿಯಾಗುವುದರಿಂದ ಪಕ್ಕದಲ್ಲೇ ಇದ್ದ ಸೆನ್ಸರ್ ಎರಡು ಡಿಗ್ರಿ ಜಾಸ್ತಿ ತೋರಿಸಿತು, ಹ್ಯುಮಿಡಿಟಿ ಅದಕ್ಕೆ ತಕ್ಕಂತೆ ಕಮ್ಮಿ. ಚಿಪ್‌ಗೆ ಗೇಣುದ್ದ ತಂತಿ ಕೊಟ್ಟು ದೂರ ಇಟ್ಟ ಮೇಲೆ ಸರಿಹೋಯಿತು. ಖುಷಿ ಇದೆ, ಆದರೆ ಅಮ್ಮನ ಔಷಧಿಯನ್ನು ನನ್ನ ಬೆಸುಗೆ ಮೇಲೆ ಬಿಡುವಷ್ಟು ಧೈರ್ಯ ಇಲ್ಲ.

ದೂರದ ಗೋದಾಮು, ತೋಟ, ಹಸಿರುಮನೆ ಅಂಥ ಕಡೆಗೆ ಈ ಸೆಟ್ ಬೇಡವೇ ಬೇಡ. ಎರಡು ಗೋಡೆ ದಾಟಿದರೆ ಬ್ಲೂಟೂತ್ ಏದುಸಿರು ಬಿಡುತ್ತದೆ. ನನ್ನ ಅಲೆಮಾರಿ ಸೆನ್ಸರ್ ಮನೆಯ ಹಿಂದಿನ ಗಿಡಗಳ ಶೆಡ್‌ನಲ್ಲಿ ದಿನದ ಅರ್ಧ ಹೊತ್ತು ಕಾಣೆಯಾಗುತ್ತಿತ್ತು, ಹತ್ತಿರ ಹೋದಾಗ ಮಾತ್ರ ಹಳೆಯ ಅಳತೆಗಳನ್ನು ಸುರಿಯುತ್ತಿತ್ತು. ಅಲ್ಲಿಗೆಲ್ಲ ಲೋರಾ ಸೆನ್ಸರ್ ಬೇಕು. ಅವು 868, 915 ಮೆಗಾಹರ್ಟ್ಸ್ ಥರದ ಕೆಳಗಿನ ಫ್ರೀಕ್ವೆನ್ಸಿಯಲ್ಲಿ ಸ್ವಲ್ಪ ಸ್ವಲ್ಪವೇ ಮಾತಾಡುತ್ತವೆ, ಬಯಲಿದ್ದರೆ ಕಿಲೋಮೀಟರ್‌ಗಟ್ಟಲೆ ಹೋಗುತ್ತವೆ. ಯಾವ ಫ್ರೀಕ್ವೆನ್ಸಿಗೆ ಅನುಮತಿ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ, ತರಿಸುವ ಮುಂಚೆ ನೋಡಿಕೊಳ್ಳಬೇಕು. ಮನೆ ತುಂಬ ಹತ್ತಾರು ಸೆನ್ಸರ್ ಬೇಕಿದ್ದರೆ ಜಿಗ್‌ಬೀ ಅನ್ನುವ ಇನ್ನೊಂದು ಬಗೆಯ ವೈರ್‌ಲೆಸ್ ವಾಸಿ, ಪ್ಲಗ್‌ಗೆ ಸಿಕ್ಕಿಸಿದ ಜಿಗ್‌ಬೀ ಸಾಮಾನುಗಳು ಒಂದರಿಂದ ಒಂದಕ್ಕೆ ಸುದ್ದಿ ದಾಟಿಸುತ್ತವೆ.

ಐದಕ್ಕೆ ಎಷ್ಟು ಕೊಡುತ್ತೀಯಾ ಅಂದರೆ ಅಳತೆಗೆ ನಾಲ್ಕು, ಆ್ಯಪ್‌ಗೆ ಎರಡು. ಪುಸ್ತಕ, ಕ್ಯಾಮೆರಾ, ಸಂಗೀತದ ವಾದ್ಯ ಇಂಥವಕ್ಕೆ ಕಣ್ಣು ಮುಚ್ಚಿ ಕೊಳ್ಳಬಹುದು, ಅಲ್ಲಿ ಒಂದು ದಿನ ತಡವಾಗಿ ತಿಳಿದರೂ ನಷ್ಟವಿಲ್ಲ. ಔಷಧಿಗಾದರೆ ಪ್ರೋಬ್ ಇರುವುದನ್ನೇ ಕೊಳ್ಳಿ, ಮೊದಲ ದಿನವೇ ಪ್ಲಗ್ ಕಿತ್ತು, ಸೆಲ್ ಕಿತ್ತು, ವೈಫೈ ಆಫ್ ಮಾಡಿ, ಏನೇನಾಗುತ್ತದೆ ನೋಡಿ. ನಾನು ಫ್ರಿಜ್ ಒಳಗೆ ಒಂದು ಸಾದಾ ಥರ್ಮಾಮೀಟರನ್ನೂ ಇಟ್ಟಿದ್ದೇನೆ. ಅಮ್ಮ ಬೆಳಿಗ್ಗೆ ಇನ್ಸುಲಿನ್ ತಗೊಳ್ಳುವಾಗ ಅದನ್ನು ನೋಡಿ "ಐದಿದೆ ಕಣೋ" ಅಂತ ಕೂಗಿ ಹೇಳುತ್ತಾರೆ. ಅವರು ಆ್ಯಪ್ ಹಾಕಿಕೊಂಡೇ ಇಲ್ಲ.

ಸೆಲ್ ಕಿತ್ತು ನೋಡಿ ಅಂದೆನಲ್ಲ, ಅದಕ್ಕೊಂದು ಕಾರಣ ಇದೆ. ಗೇಟ್‌ವೇ ಸತ್ತರೆ ಈಗ ಸಂದೇಶ ಬರುತ್ತದೆ. ಆದರೆ ಗೇಟ್‌ವೇ ಚೆನ್ನಾಗಿದ್ದು ಒಂದು ಸೆನ್ಸರ್ ಮಾತ್ರ ಸತ್ತರೆ ಯಾವ ಸಂದೇಶವೂ ಇಲ್ಲ. ಸೆಲ್ ತೆಗೆದಿಟ್ಟು ಎರಡು ದಿನ ಕಾದೆ. ಹಳೆಯ ಸಂಖ್ಯೆ ಹಾಗೇ ಇತ್ತು, ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ಕೊನೆಯ ಸಲ ಯಾವಾಗ ಬಂತು ಅಂತ ಬರೆದಿತ್ತು, ಅಷ್ಟೇ. ಕಂಪನಿಗೆ ಬರೆದೆ. ಸಮಸ್ಯೆ ಅರ್ಥವಾಗಿದೆ, ಮುಂದಿನ ಅಪ್‌ಡೇಟ್‌ನಲ್ಲಿ ಸರಿಮಾಡುತ್ತೇವೆ ಅಂತ ಉತ್ತರ ಬಂತು. ಮೂರು ತಿಂಗಳಾಯಿತು. ಈ ನಡುವೆ ಎರಡು ಅಪ್‌ಡೇಟ್ ಬಂದಿವೆ. ಒಂದರಲ್ಲಿ ಹೊಸ ಜಾಹೀರಾತು ಸೇರಿದೆ, ಇನ್ನೊಂದರಲ್ಲಿ ಹಸಿರು ಟಿಕ್ ಮೊದಲಿಗಿಂತ ದೊಡ್ಡದಾಗಿದೆ.